ಕಿವಿ ಮುರಿದ ಬ್ರ್ಯಾಕೆಟ್ಟು

ಬೆಳಗಿನ ಒಂಬತ್ತಕ್ಕೆ ಸಪ್ತಾಪುರದ ಓಣಿಗಳಲ್ಲಿ ಪುಸ್ತಕ ಹಿಡಿದವರೇ ಹೆಚ್ಚು. ಪಿಯುಸಿ ಟ್ಯೂಶನ್ ಮುಗಿಸಿ ಹೊರಬಿದ್ದ ಹುಡುಗ ಹುಡುಗಿಯರು, ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ವರ್ಷಗಟ್ಟಲೆ ಓದುತ್ತ ಧಾರವಾಡದವರೇ ಆಗಿಬಿಟ್ಟ ಪರವೂರವರು, ತಿಂಗಳ ಬಾಡಿಗೆಗೆ ಕುರ್ಚಿ ಸಿಗುವ ವಾಚನಾಲಯಗಳ ಕಡೆ ಹೊರಟವರು. ಝೆರಾಕ್ಸ್ ಅಂಗಡಿ, ಮೆಸ್ಸು, ಪೀಜಿ ಬೋರ್ಡು, ಮತ್ತೊಂದು ಝೆರಾಕ್ಸ್ ಅಂಗಡಿ. ಹಂಚಿನ ಮನೆ, ಮುಂದೊಂದು ಅಂಗಳ, ಅಂಗಳದಲ್ಲೊಂದು ಮಾವಿನ ಗಿಡ ಇದ್ದ ಜಾಗಗಳಲ್ಲಿ ಈಗ ಹಾಸ್ಟೆಲುಗಳು ಏಳುತ್ತಿವೆ. ಹಾಸ್ಟೆಲು ಏಳಬೇಕಾದರೆ ಇಟ್ಟಂಗಿ ಬೇಕು, ಉಸುಕು ಬೇಕು, ಕಡಿ ಬೇಕು. ಅವೆಲ್ಲ ಲಾರಿಯಲ್ಲೇ ಬರಬೇಕು. ಓಣಿಗಳನ್ನು ಹಾಕಿದವರಿಗೆ ಮಾತ್ರ ಲಾರಿಯ ಕಲ್ಪನೆ ಇರಲಿಲ್ಲ. ಸೈಕಲ್ ಮೇಲೆ ಕಾಲೇಜಿಗೆ ಹೋಗುವ ಮಾಸ್ತರರ ಅಳತೆಗೆ ಹಾಕಿದ ತಿರುವುಗಳವು.

ಅಂಥದೊಂದು ತಿರುವಿನಲ್ಲಿ ಲಾರಿ ಅಡ್ಡ ನಿಂತಿತ್ತು. ಟಾಟಾ 1613. ಹೆಸರಿನ ಮೊದಲ ಎರಡು ಅಂಕಿ ಟನ್ನಿನ ಲೆಕ್ಕ, ಕೊನೆಯ ಎರಡು ಅಶ್ವಶಕ್ತಿಯದು. ಈ ಗಾಡಿಗೆ ಎರಡೂ ಅಂಕಿ ಈಗ ಹಳೆಯ ನೆನಪು. ಬಾನೆಟ್ಟಿನ ಹಸಿರು ಬಣ್ಣ ಮೂರು ಕಡೆ ಮೂರು ಥರ ಇದೆ, ಎಡಗಡೆಯ ಹೆಡ್‌ಲೈಟಿಗೆ ಬೇರೆ ಯಾವುದೋ ಗಾಡಿಯ ಗಾಜು. ಹಳಿಯಾಳ ರಸ್ತೆಯಿಂದ ಒಳಗೆ ಬಂದು, ಇಟ್ಟಂಗಿಯ ಭಾರ ಹೊತ್ತುಕೊಂಡು ನಿಧಾನಕ್ಕೆ ಎಡಕ್ಕೆ ಹೊರಳುತ್ತಿದ್ದಾಗ ಬಾನೆಟ್ಟಿನೊಳಗೆ ಪಟ್ಟಾ ಕಿರ್ರೆಂದು ಚೀರಿತು, ಆಮೇಲೆ ಟಣ್ಣೆಂದು ಒಂದು ಸದ್ದು. ಅಷ್ಟೇ. ಚಾಲಕ ಎರಡೂ ಕೈಯಿಂದ ಸ್ಟೇರಿಂಗು ಜಗ್ಗಿದ. ಸೀಟಿನಿಂದ ಎದ್ದು ನಿಂತು ಜಗ್ಗಿದ. ಚಕ್ರ ಬೆರಳಿನಷ್ಟು ಅಲುಗಿ ಸುಮ್ಮನಾಯಿತು. ಹಿಂದೆ ಆಟೋ, ಆಟೋದ ಹಿಂದೆ ಗ್ಯಾಸ್ ಸಿಲಿಂಡರಿನ ಗಾಡಿ, ಅದರ ಹಿಂದೆ ಹಾರ್ನ್ ಹೊಡೆಯುವುದೊಂದೇ ಗೊತ್ತಿದ್ದ ಒಂದು ಕಾರು.

'ಸ್ಟೇರಿಂಗ್ ಕಲ್ಲಾಗೈತ್ರಿ,' ಎಂದು ಚಾಲಕ ಕೆಳಗಿಳಿದ. ಬಂಪರಿನ ಕೆಳಗೆ ಡಾಂಬರಿನ ಮೇಲೆ ಕೆಂಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ನೆರೆದವರಲ್ಲಿ ಒಬ್ಬರು ಡೀಸೆಲ್ ಎಂದರು, ಇನ್ನೊಬ್ಬರು ಬ್ರೇಕ್ ಆಯಿಲ್ ಎಂದರು. ಅದು ಸ್ಟೇರಿಂಗಿನ ಎಣ್ಣೆ.

ಸ್ಟೇರಿಂಗು ಕೈಕೊಟ್ಟಿತು ಎಂದು ಜನ ಅಂದುಕೊಳ್ಳುತ್ತಾರೆ. ನಿಜದಲ್ಲಿ ಹೋದದ್ದು ಅದರ ಬೆನ್ನಿಗಿದ್ದ ಬಲ. ಚಾಲಕನ ಕೈಯಿಂದ ಮುಂದಿನ ಗಾಲಿಯವರೆಗೆ ದಂಡ, ಗೇರು, ಕೀಲುಗಳ ಸಂಬಂಧ ಹಾಗೆಯೇ ಇರುತ್ತದೆ. ಎಂಜಿನ್ನಿನ ಶಕ್ತಿಯಿಂದ ತಿರುಗುವ ಸಣ್ಣದೊಂದು ಪಂಪು ಎಣ್ಣೆಯನ್ನು ಒತ್ತಿ ಕಳಿಸಿ ಆ ಕೈಗೆ ನೆರವು ಕೊಡುತ್ತಿತ್ತು, ಅದು ನಿಂತಿತು. ಎರಡು ಆ್ಯಕ್ಸಲ್ಲಿನ ಇಂಥ ಲಾರಿಗೆ ಬಹುಕಾಲ ಕಾನೂನು ಒಪ್ಪಿದ ಭಾರ ಮುಂದೆ 6 ಟನ್, ಹಿಂದೆ 10.2 ಟನ್. ಮುಂದಿನ ಆ 6 ಟನ್ನನ್ನು ನಿಂತ ಜಾಗದಲ್ಲಿ ಹೊರಳಿಸುವುದು ಮನುಷ್ಯನ ತೋಳಿಗೆ ಹೇಳಿದ ಕೆಲಸವಲ್ಲ. ಹಳೆಯ ಲಾರಿಗಳ ಸ್ಟೇರಿಂಗ್ ಚಕ್ರ ಅಷ್ಟು ಅಗಲವಾಗಿದ್ದದ್ದು ಅದಕ್ಕೇ. ಅಮೆರಿಕದ ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ ಪಿಯರ್ಸ್ ಆ್ಯರೋ ಕಂಪನಿಯ ಟ್ರಕ್ಕುಗಳ ವಿಭಾಗದಲ್ಲಿದ್ದವನು. ಆ ಟ್ರಕ್ಕುಗಳನ್ನು ತಿರುಗಿಸುವ ಪಾಡು ಕಂಡೇ ಎಣ್ಣೆಯ ಒತ್ತಡದ ಉಪಾಯಕ್ಕೆ ಕೈಹಾಕಿ, 1926ರಲ್ಲಿ ಅದನ್ನೊಂದು ಕಾರಿಗೆ ಜೋಡಿಸಿ ಓಡಿಸಿ ತೋರಿಸಿದ. ಅಂಗಡಿಯಲ್ಲಿ ಕೊಳ್ಳಬಹುದಾದ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್ಲಿನಲ್ಲಿ. ಲಾರಿಯ ಕಷ್ಟದಿಂದ ಹುಟ್ಟಿದ ಸುಖವನ್ನು ಮೊದಲು ಉಂಡವರು ಕಾರಿನವರು.

ನಮ್ಮಲ್ಲಿ ಟಾಟಾದವರು 1954ರಲ್ಲಿ ಡೈಮ್ಲರ್ ಬೆಂಜ್ ಜೊತೆ ಸೇರಿ ಲಾರಿ ಕಟ್ಟತೊಡಗಿದರು. ಪುಣೆಯ ಕಡೆ ಜೆಡ್‌ಎಫ್ ಸ್ಟೀರಿಂಗ್ ಗೇರ್ ಕಂಪನಿ ಹುಟ್ಟಿದ್ದು 1981ರಲ್ಲಿ. ಆಮೇಲೂ ಎಷ್ಟೋ ಕಾಲ ಪವರ್ ಸ್ಟೇರಿಂಗು ಲಾರಿಗೆ ಶೋಕಿ ಎಂದೇ ಮಾಲೀಕರ ಭಾವನೆ. ತೋಳಿನ ಬಲಕ್ಕೆ ಡೀಸೆಲ್ ಬೇಡವಲ್ಲ! ಈ ಗಾಡಿಯೂ ಕಾರ್ಖಾನೆಯಿಂದ ಕೈ ಸ್ಟೇರಿಂಗಿನಲ್ಲೇ ಬಂದದ್ದು; ಪವರು ಹಾಕಿಸಿದ್ದು ಹಿಂದಿನ ಮಾಲೀಕ. ಕಾರ್ಖಾನೆಯಲ್ಲೇ ಕೂಡಿಸಿದ ಪಂಪು ಎಷ್ಟೋ ದೊಡ್ಡ ಎಂಜಿನ್ನುಗಳಲ್ಲಿ ಎಂಜಿನ್ನಿನ ಮೈಗೇ ಅಂಟಿಕೊಂಡು ಗೇರಿನಿಂದ ತಿರುಗುತ್ತದೆ. ಅಲ್ಲಿ ಪಟ್ಟಾದ ಗೋಜಿಲ್ಲ. ಆಮೇಲೆ ತಂದು ಹಾಕಿದ ಪಂಪಿಗೆ ಎಂಜಿನ್ನಿನ ಪಕ್ಕದಲ್ಲಿ ನೆಲೆಯೊಂದನ್ನು ಮಾಡಿಕೊಡಬೇಕು. ಆ ನೆಲೆಯೇ ಬ್ರ್ಯಾಕೆಟ್ಟು. ಅಂಗೈ ಅಗಲದ ಬೀಡಿನ ತುಂಡು, ಅದಕ್ಕೆ ಮೂರು ಕಿವಿ, ಮೂರು ಬೋಲ್ಟು.

ಉಸ್ತಾದರು ಬಂದದ್ದು ಬೈಕಿನ ಮೇಲೆ, ಹ್ಯಾಂಡಲಿಗೆ ಸಿಮೆಂಟ್ ಚೀಲದಲ್ಲಿ ಪಾನಾಗಳನ್ನು ತೂಗುಹಾಕಿಕೊಂಡು. ಅರವತ್ತರ ಆಚೆಯವರು. ಬಿಳಿ ಗಡ್ಡ, ಎಣ್ಣೆ ಕುಡಿದು ಬಣ್ಣ ಮರೆತ ಅಂಗಿ, ಕುತ್ತಿಗೆಗೆ ದಾರ ಕಟ್ಟಿದ ಚಷ್ಮಾ. ಜನರನ್ನು ನೋಡಲಿಲ್ಲ, ಚಾಲಕನ ಮಾತಿಗೂ ಹೂಂ ಎನ್ನಲಿಲ್ಲ. ಬಾನೆಟ್ ಎತ್ತಿ ಒಳಗೆ ಕೈ ಇಳಿಬಿಟ್ಟು ಪಂಪನ್ನು ಹಿಡಿದು ಅಲುಗಾಡಿಸಿದರು. ಅದು ಜೋಲಿ ಹೊಡೆಯಿತು.

'ಕಿವಿ ಕಿತ್ತೈತಿ.'

ಪಂಪಿಗೆ ಬೇರೆಯದೇ ಪಟ್ಟಾ ಇದ್ದದ್ದು ಪುಣ್ಯ. ಫ್ಯಾನು ಮತ್ತು ವಾಟರ್ ಪಂಪಿನದೂ ಅದೇ ಆಗಿದ್ದರೆ ಎಂಜಿನ್ನು ಚಾಲೂ ಮಾಡುವ ಹಾಗೇ ಇರಲಿಲ್ಲ. ಉಸ್ತಾದರು ಚಾಕುವಿನಿಂದ ಆ ಪಟ್ಟಾ ಕತ್ತರಿಸಿ ಎಳೆದು ಹಾಕಿದರು. 'ಈಗ ಗಾಡಿ ಓಡತೈತಿ. ಕೈ ಬೇಕಷ್ಟ.' ಆದರೆ ಇಟ್ಟಂಗಿ ಹೊತ್ತುಕೊಂಡು ಆಗುವ ಮಾತಲ್ಲ. ಹಮಾಲರು ಅಲ್ಲೇ ಇಳಿಸಬೇಕಾಯಿತು. ಕಟ್ಟಡದವರೆಗೆ ಬುಟ್ಟಿಯಲ್ಲಿ ಹೊರಬೇಕು, ಅದಕ್ಕೆ ಕೂಲಿ ಹೆಚ್ಚು. ಆ ಹೆಚ್ಚಿನ ಕೂಲಿ ಲಾರಿಯವನದೋ ಕಟ್ಟಡದವನದೋ ಎಂಬ ವಾದ ಶುರುವಾಯಿತು. ವಾದದ ನಡುವೆಯೇ ಇಟ್ಟಂಗಿಯೂ ಇಳಿದವು. ಖಾಲಿಯಾದ ಗಾಡಿಯನ್ನು ಮುಂದೆ ಹಿಂದೆ ಮಾಡುತ್ತ, ಚಾಲಕ ಒಂದು ಕಡೆ, ಕಿಟಕಿಯಿಂದ ಕೈ ಹಾಕಿದ ಕ್ಲೀನರ್ ಹುಡುಗ ಇನ್ನೊಂದು ಕಡೆ ಚಕ್ರ ಜಗ್ಗುತ್ತ, ಅಂತೂ ಖಾಲಿ ಸೈಟೊಂದರ ಬೇವಿನ ಗಿಡದ ನೆರಳಿಗೆ ತಂದರು. ಓಣಿ ತೆರೆಯಿತು. ಹಾರ್ನಿನ ಕಾರಿನವನು ಹೋಗುವಾಗಲೂ ಒಮ್ಮೆ ಹೊಡೆದೇ ಹೋದ.

ಬ್ರ್ಯಾಕೆಟ್ಟು ಬಿಚ್ಚುವ ಕೆಲಸ ಹೇಳುವಷ್ಟು ಸುಲಭವಲ್ಲ. ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಒಂದು ಮೊಳಕೈ ಹಿಡಿಯುವಷ್ಟೇ ಜಾಗ. ವರ್ಷಗಳ ಧೂಳು, ಎಣ್ಣೆ ಸೇರಿ ಗಟ್ಟಿಯಾದ ಕರಿ ಮಡ್ಡಿ. ಪಾನಾ ಕಾಲುಭಾಗ ತಿರುಗಿದರೆ ಗೋಡೆಗೆ ಬಡಿಯುತ್ತದೆ. ತೆಗೆದು, ಮಗುಚಿ, ಮತ್ತೆ ಹಾಕಬೇಕು. ಬೆಳಕಿಗಾಗಿ ಮೊಬೈಲಿನ ಟಾರ್ಚು ಹಿಡಿದದ್ದು ಮಡಿಚಿದ ಪ್ರಶ್ನೆಪತ್ರಿಕೆಗಳನ್ನು ಕಂಕುಳಲ್ಲಿಟ್ಟುಕೊಂಡ ಒಬ್ಬ ಯುವಕ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ನೌಕರಿಯ ಪರೀಕ್ಷೆಗೆ ಓದುತ್ತಿರುವವನಂತೆ. ವಾಚನಾಲಯದ ಕುರ್ಚಿ ಆ ದಿನ ಖಾಲಿ ಉಳಿಯಿತು. ಪಂಪನ್ನು ಕೆಳಗೆ ಜೋತುಬೀಳಲು ಬಿಡದೆ ತಂತಿಯಿಂದ ಚಾಸಿಗೆ ಕಟ್ಟಿದರು; ಅದರ ಭಾರವೆಲ್ಲ ರಬ್ಬರ್ ಹೋಸಿನ ಮೇಲೆ ಬಿದ್ದರೆ ಅದು ಇನ್ನೊಂದು ಖರ್ಚು.

ತುಂಡು ಹೊರಗೆ ಬಂತು. ಉಸ್ತಾದರು ಅದನ್ನು ಡೀಸೆಲ್ಲಿನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಚಷ್ಮಾ ಏರಿಸಿ, ಬಿಸಿಲಿಗೆ ಹಿಡಿದರು. ಕೂತು ನೋಡಿದರು. ರಿಪೇರಿಯ ಅರ್ಧ ಅಲ್ಲೇ ಆಯಿತು ಎನ್ನಬೇಕು. ಮುರಿದ ಮೈ ಒಡೆದ ಬೆಲ್ಲದಚ್ಚಿನ ಹಾಗೆ ಹರಳು ಹರಳು. ಅದರೊಳಗೆ ಎರಡು ಬಣ್ಣ: ಒಂದು ಅಂಚಿನಿಂದ ಅರ್ಧಕ್ಕೂ ಹೆಚ್ಚು ಜಾಗ ಕಪ್ಪು, ಎಣ್ಣೆ ಮತ್ತು ತುಕ್ಕು ಕುಡಿದದ್ದು, ಉಳಿದದ್ದು ತಿಳಿ ಬೂದು, ಈಗ ತಾನೇ ಒಡೆದಂತೆ ಮಿರುಗುವಂಥದು. ಎರಡರ ನಡುವೆ ಬಾಗಿದ ಗೆರೆ.

'ಇದು ಇವತ್ತ ಮುರದಿದ್ದಲ್ಲ ತಮ್ಮಾ,' ಎಂದರು ಚಾಲಕನಿಗೆ. 'ಕರ್ರಗ ಐತೆಲ್ಲಾ, ಇಷ್ಟು ಸೀಳಿ ಭಾಳ ದಿನಾ ಆಗೈತಿ. ಇವತ್ತ ಕಿತ್ತಿದ್ದು ಈ ಬೆಳ್ಳಗಿಂದಷ್ಟ. ಪಟ್ಟಾ ಚೀರತಿತ್ತೇನು?'

'ಚೀರತಿತ್ರಿ ಉಸ್ತಾದ್.'

'ನೀ ಏನ್ ಮಾಡ್ದಿ?'

'ಬಿಗಿ ಮಾಡ್ದೆ.'

'ಮತ್ತ ಚೀರ್ತು.'

'ಮತ್ತ ಬಿಗಿ ಮಾಡ್ದೆ.'

ಉಸ್ತಾದರು ನಗಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಎಂಜಿನ್ನಿನ ಮೈಯಲ್ಲಿ ಬ್ರ್ಯಾಕೆಟ್ಟು ಕೂರುವ ಜಾಗಕ್ಕೆ ಬೆರಳು ಹಾಕಿದರು. ಮೂರು ತೂತಿನಲ್ಲಿ ಒಂದಕ್ಕೆ ಬೋಲ್ಟೇ ಇರಲಿಲ್ಲ. ಒಳಗಿನ ಚೂಡಿ ಸವೆದು ನುಣ್ಣಗಾಗಿತ್ತು. ಯಾವಾಗಲೋ ಸಡಿಲಾಗಿ, ರಸ್ತೆಯಲ್ಲೆಲ್ಲೋ ಬಿದ್ದುಹೋದ ಆ ಒಂದು ಬೋಲ್ಟಿನ ಪಾಲಿನ ಭಾರವನ್ನು ಉಳಿದೆರಡು ಕಿವಿ ಹೊತ್ತಿದ್ದವು. ಪಂಪು ಒಂದು ಕಡೆ ವಾಲಿತು, ಪುಲಿಗಳ ಸಾಲು ತಪ್ಪಿತು, ಪಟ್ಟಾ ಓರೆ ಓಡಿ ಚೀರಿತು, ಚೀರಿದ್ದಕ್ಕೆ ಬಿಗಿ ಮಾಡಿದರು, ಬಿಗಿದಷ್ಟೂ ಕಿವಿಯ ಮೇಲೆ ಜಗ್ಗಾಟ. ಬೀಡಿನ ಗುಣವೇ ಹಾಗೆ: ಎಷ್ಟು ಒತ್ತಿದರೂ ತಡೆಯುತ್ತದೆ, ಜಗ್ಗಿದರೆ ಬಾಗದೆ ಸೀಳುತ್ತದೆ. ಅದರಲ್ಲಿ ನೂರಕ್ಕೆ 2ರಿಂದ 4 ಪಾಲು ಇಂಗಾಲ. ಅದರ ಬಹುಪಾಲು ಗ್ರಾಫೈಟಿನ ತೆಳು ಹಾಳೆಗಳಾಗಿ ಲೋಹದೊಳಗೇ ಹರಡಿರುತ್ತದೆ, ಸೀಳಿಗೆ ದಾರಿ ಮಾಡಿಟ್ಟ ಹಾಗೆ.

ಇನ್ನೊಂದು ಮಾತಿದೆ, ಅದು ಸಪ್ತಾಪುರಕ್ಕೆ ಸಂಬಂಧಿಸಿದ್ದು. ಲಾರಿ ಹೆದ್ದಾರಿಯಲ್ಲಿ ನೆಟ್ಟಗೆ ಓಡುವಾಗ ಈ ಪಂಪಿಗೆ ಹೆಚ್ಚು ಕೆಲಸವಿಲ್ಲ. ಎಣ್ಣೆ ಸುಮ್ಮನೆ ಸುತ್ತುತ್ತಿರುತ್ತದೆ. ಭಾರ ಹೊತ್ತು, ನಿಂತೂ ನಿಲ್ಲದ ವೇಗದಲ್ಲಿ, ಕೊನೆಯವರೆಗೆ ಚಕ್ರ ತಿರುಗಿಸಿದಾಗಲೇ ಒತ್ತಡ ಏರುವುದು. ಲಾರಿ ಟೈರಿನ ಗಾಳಿಯ ಒತ್ತಡದ ಹತ್ತು ಪಟ್ಟಿಗೂ ಮೇಲೆ. ಪಟ್ಟಾ ಪಂಪನ್ನು ಅತ್ಯಂತ ಜೋರಾಗಿ ಜಗ್ಗುವುದು ಆ ಗಳಿಗೆಯಲ್ಲೇ. ಪುಣೆ ಬೆಂಗಳೂರು ರಸ್ತೆಯಲ್ಲಿ ನೂರಾರು ಕಿಲೋಮೀಟರ್ ತಡೆದುಕೊಳ್ಳುವ ಒಡಕು ಕಿವಿ, ಕಾಂಪೌಂಡ್ ಗೋಡೆ ಒಂದು ಕಡೆ, ಬೈಕಿನ ಸಾಲು ಇನ್ನೊಂದು ಕಡೆ ಇರುವ ಓಣಿಯ ತಿರುವಿನಲ್ಲಿ ಪ್ರಾಣ ಬಿಡುತ್ತದೆ. ಬೇರೆಲ್ಲೂ ಅಲ್ಲ, ಇಂಥಲ್ಲೇ ಮುರಿಯಬೇಕು ಅದು.

ಮಾಲೀಕರ ಫೋನು ಬಂತು. ಸ್ಪೀಕರಿನಲ್ಲಿ ಹಾಕಿದ್ದರಿಂದ ಎಲ್ಲರಿಗೂ ಕೇಳಿಸಿತು. 'ಒಂದ್ ಟ್ಯಾಕ್ ಹೊಡಸ್ರಿ, ಸಂಜಿಗೆ ಇನ್ನೊಂದ ಲೋಡ್ ಐತಿ.'

'ಟ್ಯಾಕ್ ಹೊಡದ್ರ ಸಂಜಿತನಾ ಬಾಳತೈತ್ರಿ ಸಾವಕಾರ್ರ. ಸಂಜಿ ಲೋಡಿನ್ಯಾಗ ಮತ್ತ ಫೋನ್ ಮಾಡ್ತೀರಿ.'

ಹೊಸದು ಸಿಗುವುದಿಲ್ಲವೇ ಎಂಬ ಪ್ರಶ್ನೆ ಬಂತು. ಊರಿನ ಆಚೆ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟಾಟಾದವರ ಕಾರ್ಖಾನೆಗಳೇ ಇವೆ. ಬ್ರೆಜಿಲಿನ ಮಾರ್ಕೊಪೋಲೊ ಜೊತೆ 2006ರಲ್ಲಿ ಮಾಡಿಕೊಂಡ ಒಪ್ಪಂದದ ಬಸ್ಸುಗಳು ಧಾರವಾಡದಿಂದಲೇ ದೇಶಕ್ಕೆಲ್ಲ ಹೋದವು. ಆದರೆ ಯಾವುದೋ ಗ್ಯಾರೇಜಿನಲ್ಲಿ ಹಿಂದೊಮ್ಮೆ ಕೂಡಿಸಿದ ಈ ತುಂಡಿಗೆ ಯಾವ ಕಂಪನಿಯಲ್ಲೂ ಪಾರ್ಟ್ ನಂಬರ್ ಇಲ್ಲ. ಗುಜರಿಯಲ್ಲಿ ಸಿಕ್ಕರೆ ಅದೃಷ್ಟ, ಸಿಕ್ಕರೂ ಅದರ ಕಿವಿ ಎಷ್ಟು ಗಟ್ಟಿ ಎಂದು ಯಾರು ಹೇಳಬೇಕು? ದಪ್ಪ ಪ್ಲೇಟು ಕತ್ತರಿಸಿ ಹೊಸದನ್ನೇ ಮಾಡಬಹುದು. ಮೂರು ತೂತಿನ ಅಳತೆ, ಪುಲಿಯ ಸಾಲು ಕೂದಲೆಳೆಯಷ್ಟು ತಪ್ಪಿದರೂ ಕತೆ ಮೊದಲಿಂದ. ಹಳೆಯದನ್ನು ಬೆಸೆದು, ಮೇಲೆ ಊರೆ ಕೊಡುವುದೆಂದು ಉಸ್ತಾದರು ತೀರ್ಮಾನಿಸಿದರು. ಮಾಲೀಕರು 'ನಿಮ್ಮ ಇಷ್ಟ' ಎಂದರು. ದುಡ್ಡು ಎಷ್ಟೆಂದು ಕೇಳದೆ ಫೋನು ಇಡಲಿಲ್ಲ.

ತುಂಡು ಬೈಕಿನ ಡಿಕ್ಕಿ ಸೇರಿ ಟೋಲ್ ನಾಕಾ ದಾಟಿ ಲಕಮನಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಬಂತು. ತಗಡಿನ ಶೆಡ್ಡು. ಒಳಗೆ ಲೇಥು, ಡ್ರಿಲ್ಲಿಂಗ್ ಮಶಿನ್ನು, ಮೂಲೆಯಲ್ಲಿ ಸಪೂರ ವೆಲ್ಡರ್. ಅವನು ಮಾಡಿದ ಮೊದಲ ಕೆಲಸ ತುಂಡಿನ ಅಂಚನ್ನು ಗ್ರೈಂಡರಿಗೆ ಸೋಕಿಸಿದ್ದು. ಕಿಡಿಗಳು ಗಿಡ್ಡ, ಮಂದ ಕೆಂಪು, ಎರಡು ಗೇಣು ಹೋಗಿ ಸತ್ತವು. ಉಕ್ಕಾಗಿದ್ದರೆ ಉದ್ದನೆಯ, ಹಳದಿ ಬಿಳುಪಿನ ಕಿಡಿ ಹಾರಬೇಕಿತ್ತು. 'ಬೀಡು ಖರೆ,' ಎಂದ. ಡ್ರಿಲ್ಲು ಹಾಕಿದಾಗಲೂ ಸುರುಳಿ ಬರಲಿಲ್ಲ, ಕರಿ ಹುಡಿ ಉದುರಿತು. ಆ ಡ್ರಿಲ್ಲು ಬಿದ್ದದ್ದು ಪಕ್ಕದ ಕಿವಿಯಲ್ಲಿ ಕಂಡ ಇನ್ನೊಂದು ಕೂದಲು ಗೆರೆಯ ತುದಿಗೆ: ಸೀಳಿನ ಚೂಪು ತುದಿ ದುಂಡಗಿನ ತೂತಿಗೆ ಬಂದು ಮುಟ್ಟಿದರೆ ಮುಂದಕ್ಕೆ ಹೋಗುವ ಹಟ ಬಿಡುತ್ತದೆ.

ಎಷ್ಟು ತೊಳೆದರೂ ಹಳೆಯ ಬೀಡಿನ ರಂಧ್ರಗಳಲ್ಲಿ ಎಣ್ಣೆ ಉಳಿದಿರುತ್ತದೆ. ಗ್ಯಾಸಿನ ಉರಿ ತೋರಿಸಿದ ಕೂಡಲೇ ಅದು ಬೆವರಿ, ಹೊಗೆಯಾಗಿ ಎದ್ದಿತು. ಹೊಗೆ ನಿಲ್ಲುವವರೆಗೂ ಕಾಯಿಸಿದ. ಆಮೇಲೆ ಎರಡೂ ತುಂಡಿನ ಅಂಚನ್ನು ಓರೆಯಾಗಿ ಉಜ್ಜಿ, ಸೇರಿಸಿದರೆ ಕಣಿವೆಯಾಗುವಂತೆ ಮಾಡಿದ. ಸೇರಿಸುವುದನ್ನು ಬರಿ ಕಣ್ಣಂದಾಜಿಗೆ ಬಿಡಲಿಲ್ಲ. ಉಸ್ತಾದರು ಎಂಜಿನ್ನಿನ ಮೇಲೆ ರಟ್ಟು ಒತ್ತಿ ಮೂರು ತೂತಿನ ಗುರುತು ತಂದಿದ್ದರು. ಆ ಅಳತೆಗೆ ದಪ್ಪ ಪ್ಲೇಟಿನಲ್ಲಿ ತೂತು ಕೊರೆದು, ಮುರಿದ ಕಿವಿಯನ್ನೂ ಮೂಲ ತುಂಡನ್ನೂ ಅದಕ್ಕೆ ಬೋಲ್ಟು ಹಾಕಿ ಬಿಗಿದರು. ಈಗ ಬೆಂಕಿ ಏನೇ ಮಾಡಿದರೂ ತೂತುಗಳು ಜಾಗ ಬಿಡುವಂತಿಲ್ಲ.

ನಿಕ್ಕಲ್ ರಾಡು ದುಬಾರಿ. ಡಬ್ಬಿಯಿಂದ ಎಣಿಸಿ ತೆಗೆದ. ಇಡೀ ತುಂಡನ್ನು ಮತ್ತೆ ಕಾಯಿಸಿ, ಒಂದು ಇಂಚು ಬೆಸುಗೆ ಎಳೆದು ನಿಲ್ಲಿಸಿದ. ಕೆಂಪು ಆರುವ ಮೊದಲೇ ಸಣ್ಣ ಹತೋಡಿಯ ಗುಂಡುತಲೆಯಿಂದ ಟಿಕ್ ಟಿಕ್ ಎಂದು ಬಡಿದ. ಬಡಿತಕ್ಕೆ ಕಾರಣವಿದೆ: ಬಿಸಿ ಲೋಹ ಆರುತ್ತ ಕುಗ್ಗಿ ಪಕ್ಕದ ಬೀಡನ್ನು ಜಗ್ಗುತ್ತದೆ, ಬಡಿದು ಹರಡಿದರೆ ಆ ಜಗ್ಗಾಟ ಸಡಿಲುತ್ತದೆ. ಆಮೇಲೆ ಕಾದ. ಎದುರು ಬದಿಗೆ ಇನ್ನೊಂದು ಇಂಚು. ಮತ್ತೆ ಬಡಿತ, ಮತ್ತೆ ಕಾಯುವುದು. ಚಾಲಕನಿಗೆ ಇದು ತಡೆಯಲಾಗಲಿಲ್ಲ. 'ಒಮ್ಮೆಲೆ ಎಳೀಬಾರದೇನ್ರಿ ಅಣ್ಣಾ?'

'ಎಳದ್ರ ನಿಮ್ಮ ಮುಂದನ ಚಟ್ ಅನ್ನತೈತಿ. ಕೇಳಬೇಕೇನ್ರಿ?'

ಹಿತ್ತಾಳೆ ಬೆಸುಗೆಯೂ ಒಂದು ದಾರಿಯಾಗಿತ್ತು. ಬೀಡು ಕರಗುವ ಮೊದಲೇ ಹಿತ್ತಾಳೆ ಕರಗಿ ಹರಿಯುವುದರಿಂದ ಮೂಲ ತುಂಡಿಗೆ ಅಪಾಯ ಕಡಿಮೆ. ಹಳೆಯ ಮಿಸ್ತ್ರಿಗಳಲ್ಲಿ ಅದಕ್ಕೇ ಹೆಚ್ಚು ನಂಬಿಕೆ. ನನಗೂ ನೋಡಲು ಅದೇ ಚೆಂದ, ಬೂದು ಮೈಗೆ ಚಿನ್ನದ ಹೊಲಿಗೆ. ಆದರೆ ಕೆಲಸ ಮಾಡುವವನ ಕೈಗೆ ಯಾವುದು ಒಗ್ಗಿದೆಯೋ ಅದೇ ಸರಿ.

ಕೊನೆಗೆ ತುಂಡನ್ನು ಒಣ ಸುಣ್ಣದ ಹುಡಿ ತುಂಬಿದ ಡಬ್ಬಿಯಲ್ಲಿ ಹೂತರು. ಗಾಳಿಗೆ ಆರಲು ಬಿಟ್ಟರೆ ಬೆಸುಗೆಯ ಪಕ್ಕದ ಬೀಡು ಗಾಜಿನಷ್ಟು ಪೆಡಸಾಗಿ ಬಿರಿಯುತ್ತದೆ. ಸುಣ್ಣದೊಳಗೆ ರಾತ್ರಿಯಿಡೀ. ಸಂಜೆಯ ಲೋಡು ಹೋಯಿತು. ಚಾಲಕ ಲಾರಿಯಲ್ಲೇ ಮಲಗಿದ. ಪಕ್ಕದ ಮೆಸ್ಸಿನ ಅಕ್ಕ ರೊಟ್ಟಿ, ಬದನೆಕಾಯಿ ಪಲ್ಯ ಕಟ್ಟಿ ಕಳಿಸಿದಳು, ಹಾಸ್ಟೆಲ್ ಹುಡುಗರ ರೇಟಿನಲ್ಲೇ.

ಮರುದಿನ ತುಂಡು ಬೆಚ್ಚಗೇ ಇತ್ತು. ಉಸ್ತಾದರು ಅದನ್ನು ದಾರಕ್ಕೆ ತೂಗುಹಾಕಿ ಪಾನಾದಿಂದ ಬಡಿದು ಕಿವಿಗೊಟ್ಟರು. ಒಡಕು ಸದ್ದಿಲ್ಲ. ಬೆಸೆದ ಜಾಗವನ್ನು ಕಾನಸಿನಿಂದ ಉಜ್ಜಿ, ಎಂಜಿನ್ನಿಗೆ ಕೂರುವ ಮೈಯನ್ನು ಗಾಜಿನ ಮೇಲಿಟ್ಟು ಸಮತಟ್ಟು ನೋಡಿದರು. ಎಂಜಿನ್ನಿನ ಸವೆದ ತೂತಿಗೆ ಒಂದು ಸೈಜು ದೊಡ್ಡ ಟ್ಯಾಪು ಹಾಕಿ ಹೊಸ ಚೂಡಿ ತೆಗೆದರು. ಇದು ಮಾಡದಿದ್ದರೆ ನಿಕ್ಕಲ್ ರಾಡಿನ ದುಡ್ಡೆಲ್ಲ ದಂಡ. ಪಂಪಿನ ಹಿಂದಿನ ತುದಿಯಿಂದ ಎಂಜಿನ್ನಿಗೆ ಉಕ್ಕಿನ ಪಟ್ಟಿಯೊಂದನ್ನು ಊರೆಯಾಗಿ ಕೊಟ್ಟರು, ಬೆಸೆಯದೆ ಬೋಲ್ಟಿನಲ್ಲಿ.

ಆಮೇಲೆ ದಾರದ ಕೆಲಸ. ಟಾರ್ಚಿನ ಯುವಕ ಈ ಹೊತ್ತಿಗೆ ಮತ್ತೆ ಹಾಜರು. ಅವನು ದಾರದ ಒಂದು ತುದಿಯನ್ನು ಕೆಳಗಿನ ಪುಲಿಯ ಮುಖಕ್ಕೆ ಒತ್ತಿ ಹಿಡಿದ, ಉಸ್ತಾದರು ಇನ್ನೊಂದನ್ನು ಪಂಪಿನ ಪುಲಿಗೆ. ಬಿಗಿದ ದಾರಕ್ಕೂ ಪುಲಿಯ ಅಂಚಿಗೂ ನಡುವೆ ಸಂದು ಕಂಡಿತು. ತೆಳು ವಾಶರು ಒಂದು ಹಾಕಿದರು, ಸಂದು ಕಡಿಮೆಯಾಯಿತು. ಇನ್ನೊಂದು ಹಾಕಿದರು, ದಾರ ನಾಲ್ಕೂ ಅಂಚಿಗೆ ಮುಟ್ಟಿತು. ಹೊಸ ಪಟ್ಟಾ ಏರಿಸಿ, ಎರಡು ಪುಲಿಗಳ ನಡುಮಧ್ಯೆ ಚಾಲಕನ ಹೆಬ್ಬೆರಳು ಹಿಡಿದು ತಾವೇ ಒತ್ತಿಸಿದರು. ಪಟ್ಟಾ ಅರ್ಧ ಇಂಚಿನಷ್ಟು ತಗ್ಗಿತು. 'ಇಷ್ಟ. ಇದಕ್ಕಿಂತ ಬಿಗಿ ಬ್ಯಾಡ. ಚೀರಿದ್ರ ಪಾನಾ ಹಿಡೀಬ್ಯಾಡ, ಬೋಲ್ಟ್ ಮುಟ್ಟಿ ನೋಡು.'

ಮುಂದಿನ ಗಾಲಿಗಳನ್ನು ಜಾಕಿನ ಮೇಲೆತ್ತಿ, ಕೆಳಗೆ ಮರದ ದಿಮ್ಮಿ ಕೊಟ್ಟು, ಡಬ್ಬಿಗೆ ಕೆಂಪು ಎಣ್ಣೆ ಸುರಿದರು. ಎಂಜಿನ್ ಬಂದ್ ಇಟ್ಟೇ ಚಕ್ರವನ್ನು ಈ ತುದಿಯಿಂದ ಆ ತುದಿಗೆ ತಿರುಗಿಸಬೇಕು, ಪೈಪಿನಲ್ಲಿ ಸಿಕ್ಕ ಗಾಳಿ ಗುಳ್ಳೆಯಾಗಿ ಡಬ್ಬಿಗೆ ಬರುತ್ತದೆ. ಕ್ಲೀನರ್ ಹುಡುಗ ಮೇಲೆ ಕೂತು ಡಬ್ಬಿ ನೋಡುತ್ತ ಕೂಗುತ್ತಿದ್ದ: 'ಬರಾಕತ್ತಾವ... ಬರಾಕತ್ತಾವ... ಇನ್ನೂ ಬರಾಕತ್ತಾವ.' ಎಣ್ಣೆ ಇಳಿದಂತೆ ಸುರಿದರು. ಗಾಳಿ ಉಳಿದ ಎಣ್ಣೆಯನ್ನು ಹಾಗೇ ತಿರುಗಿಸಿದರೆ ಅದು ಗುಲಾಬಿ ನೊರೆಯಾಗುತ್ತದೆ, ಪಂಪು ಗುಂಯ್ಗುಡುತ್ತದೆ, ಒಳಗಿನ ರೆಕ್ಕೆಗಳು ಸವೆಯುತ್ತವೆ. ಹುಡುಗ ಸುಮ್ಮನಾದ ಮೇಲೆ ಚಾಲೂ ಮಾಡಿಸಿದರು. ಚಾಲಕ ಬಲಕ್ಕೆ ಕೊನೆಯವರೆಗೆ ತಿರುಗಿಸಿ ಅಲ್ಲೇ ಒತ್ತಿ ಹಿಡಿದ. ಪಂಪು ನರಳಿತು.

'ಬಿಡು, ಬಿಡು! ತುದಿಗೆ ಹೋದ ಮ್ಯಾಲ ಹಿಡೀಬಾರದಪ್ಪಾ. ಎಲ್ಲಾ ಒತ್ತಡ ಅದರ ಮ್ಯಾಲ ಬೀಳತೈತಿ. ತಟಗ ಹಿಂದ ಬಿಡು.'

ಗಾಡಿ ಕೆಳಗಿಳಿಯಿತು. ಖಾಲಿ ಸೈಟಿನಿಂದ ಹಿಮ್ಮುಖವಾಗಿ ಹೊರಬಂದು, ಹಿಂದಿನ ದಿನ ಸಿಕ್ಕಿಬಿದ್ದ ಅದೇ ತಿರುವಿನಲ್ಲಿ ಎಡಕ್ಕೆ ಹೊರಳಿತು. ಪಟ್ಟಾ ಚೀರಲಿಲ್ಲ. ಉಸ್ತಾದರು ಪಕ್ಕದಲ್ಲೇ ನಡೆಯುತ್ತ, ತೆರೆದ ಬಾನೆಟ್ಟಿನೊಳಗೆ ಕಣ್ಣಿಟ್ಟಿದ್ದರು, ಬ್ರ್ಯಾಕೆಟ್ಟಿನ ಮೇಲಲ್ಲ, ಪಕ್ಕದ ಕಡೆ. ಕೈಯೆತ್ತಿ ನಿಲ್ಲಿಸಿದರು.

'ವಾಟರ್ ಪಂಪಿನ ಬೇರಿಂಗ್ ಸದ್ದು ಮಾಡಾಕತ್ತೈತಿ. ಕೇಳಸ್ತೇನು?'

'ಕೇಳಸ್ತೈತ್ರಿ.'

'ಎಷ್ಟ ದಿನಾ ಆತು?'

ಚಾಲಕ ಎಂಜಿನ್ ಬಂದ್ ಮಾಡಿ ಫೋನು ತೆಗೆದ. 'ಸಾವಕಾರ್ರಿಗೆ ನೀವ ಹೇಳ್ರಿ ಉಸ್ತಾದ್. ನಾ ಹೇಳಿ ಹದಿನೈದ ದಿನಾ ಆತು.'